ಸೈಟಿನ ಶೆಡ್ಡಿನಲ್ಲಿರುವ ಏಳು ತಿಂಗಳ ಬಸುರಿಗೆ ನಾನೇನು ಮಾಡಬಹುದು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಸರ್ಜಾಪುರ ರಸ್ತೆ ಕಡೆ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆ. ಅಲ್ಲಿ ತಗಡಿನ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಗಂಡ ಹೆಂಡತಿ ಇದ್ದಾರೆ. ಆಕೆ ಬೆಳಿಗ್ಗೆ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಾಳೆ, ಆಮೇಲೆ ಸೈಟಿನ ಕೆಲಸ. ಈಗ ಏಳು ತಿಂಗಳು, ಎರಡನೇ ಬಸಿರು. ಊರಲ್ಲಿ ಒಂದು ಸಲ ತೋರಿಸಿದ್ದಳಂತೆ. ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡು ಅಲ್ಲೇ ಉಳಿದಿದೆಯಂತೆ. ಬಗ್ಗಿ ಎದ್ದರೆ ತಲೆ ಸುತ್ತುತ್ತದೆ ಅನ್ನುತ್ತಾಳೆ. ಆಸ್ಪತ್ರೆಗೆ ಹೋಗೋಣ ಬಾ ಅಂದರೆ ಒಂದು ದಿನದ ಕೂಲಿ ಹೋಗುತ್ತೆ ಅಂತ ಹಿಂಜರಿಯುತ್ತಾಳೆ. ಒಂಬತ್ತರಲ್ಲಿ ರೈಲು ಹತ್ತಿ ಊರಿಗೆ ಹೋಗುವ ಯೋಚನೆ ಅವಳದು. ನಾನೇನು ಮಾಡಬಹುದು? ಇಷ್ಟೊಂದು ಆಸ್ಪತ್ರೆ ಇರುವ ಬೆಂಗಳೂರಿನಲ್ಲೂ ಬಾಣಂತಿಯರು ಸಾಯುವುದು ಯಾಕೆ?

ಉತ್ತರ: ಮೊದಲು ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ. ಯಾಕೆ ಅನ್ನುವುದನ್ನು ಆಮೇಲೆ ಮಾತಾಡೋಣ.

ನಾಳೆಯೇ ಅವಳನ್ನು ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅವಳ ಆ ದಿನದ ಕೂಲಿ ನೀವೇ ಕೊಡಿ. ಗಂಡನ ಕೂಲಿಯನ್ನೂ ಕೊಟ್ಟು ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ. ರಾತ್ರಿ ಎರಡು ಗಂಟೆಗೆ ನೋವು ಬಂದಾಗ ಪಕ್ಕದಲ್ಲಿರುವವನು ಅವನೇ ಅಲ್ವಾ. ಕೇಂದ್ರದಲ್ಲಿ ಮೂರು ಪರೀಕ್ಷೆ ಆಗಲೇಬೇಕು. ರಕ್ತದ ಹಿಮೋಗ್ಲೋಬಿನ್, ಬಿ.ಪಿ., ಮೂತ್ರದಲ್ಲಿ ಪ್ರೋಟೀನ್. ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಹೊಸ ತಾಯಿ ಕಾರ್ಡು ಮಾಡಿಸಿಕೊಡಿ ಅಂತ ಕೇಳಿ. ಊರಿನ ಕಾರ್ಡು ಇಲ್ಲ ಅನ್ನುವುದು ತಪಾಸಣೆ ಮಾಡದಿರಲು ಕಾರಣವಲ್ಲ.

ಕಾರ್ಡಿನ ವಿಷಯ ಒತ್ತಿ ಹೇಳಲು ಕಾರಣ ಇದೆ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. ನೋವು ತಿನ್ನುತ್ತಾ ಬಂದ ಹೆಂಗಸನ್ನು ತಾಯಿ ಕಾರ್ಡು, ಆಧಾರ್ ಇಲ್ಲವೆಂದು ಆಸ್ಪತ್ರೆಯಿಂದ ವಾಪಸ್ ಕಳಿಸಿದರು. ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತು ಆಕೆ ತೀರಿಕೊಂಡಳು. ಎರಡು ಕೂಸುಗಳೂ ಉಳಿಯಲಿಲ್ಲ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತುರ್ತು ಹೊತ್ತಿನಲ್ಲಿ ಯಾವ ದಾಖಲೆಯೂ ಕೇಳುವಂತಿಲ್ಲ ಎಂದು ಸರ್ಕಾರ ಆಮೇಲೆ ಮತ್ತೆ ಸ್ಪಷ್ಟವಾಗಿ ಹೇಳಿತು. ನಿಯಮ ನಮ್ಮ ಪರವಾಗಿಯೇ ಇದೆ. ಆದರೆ ಗೇಟಿನಲ್ಲಿ ನಿಂತು ಅದನ್ನು ಗಟ್ಟಿಯಾಗಿ ಹೇಳಲು ಒಬ್ಬರು ಬೇಕು. ಯಾದಗಿರಿಯಿಂದ ಬಂದು ಈ ಊರಿನ ಬೀದಿ ಗೊತ್ತಿಲ್ಲದವಳಿಗೆ ಆ ಒಬ್ಬರು ನೀವಾಗಬಹುದು.

ಈಗ ನಿಮ್ಮ ಎರಡನೇ ಪ್ರಶ್ನೆ. 2018-20ರ ಸರ್ಕಾರಿ ಲೆಕ್ಕದ ಪ್ರಕಾರ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 97 ತಾಯಂದಿರು ಸಾಯುತ್ತಿದ್ದರು. ಕರ್ನಾಟಕದಲ್ಲಿ 69, ಕೇರಳದಲ್ಲಿ 19. ನಾವು ತುಂಬಾ ಮುಂದೆ ಬಂದಿದ್ದೇವೆ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. 2001-03ರಲ್ಲಿ ದೇಶದ ಲೆಕ್ಕ 301 ಇತ್ತು. ಈಗ ನಮ್ಮ ರಾಜ್ಯದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಅಂದರೆ ಇವತ್ತು ಸಾಯುವ ತಾಯಂದಿರಲ್ಲಿ ಹೆಚ್ಚಿನವರು ಆಸ್ಪತ್ರೆ ಕಾಣದವರಲ್ಲ. ಆಸ್ಪತ್ರೆಗೆ ಬಂದವರೇ. ಹೊತ್ತು ಮೀರಿ ಬಂದವರು, ಒಂದರಿಂದ ಇನ್ನೊಂದಕ್ಕೆ ಅಲೆದವರು, ಇಲ್ಲವೇ ಹಾಸಿಗೆ ಮೇಲೇ ಇದ್ದು ಯಾರ ಕಣ್ಣಿಗೂ ಬೀಳದವರು.

ನನ್ನ ರಾತ್ರಿ ಡ್ಯೂಟಿಯ ದಿನಗಳ ಒಂದು ಘಟನೆ ಹೇಳುತ್ತೇನೆ. ಹೊಸಕೋಟೆ ಆಚೆಯ ಇಟ್ಟಿಗೆ ಗೂಡಿನಿಂದ ಒಬ್ಬಳು ಆಟೋದಲ್ಲಿ ಬಂದಳು. ಸಂಜೆಯೇ ನೋವು ಶುರುವಾಗಿತ್ತು. ಮೊದಲು ಹೋದ ಕಡೆ ಹಾಸಿಗೆ ಇಲ್ಲ ಅಂದರು. ಎರಡನೇ ಕಡೆ ಹೆರಿಗೆ ಆಯಿತು, ರಕ್ತ ನಿಲ್ಲಲಿಲ್ಲ, ನಮ್ಮಲ್ಲಿ ರಕ್ತ ಇಲ್ಲ ಅಂತ ಕಳಿಸಿದರು. ನಮ್ಮ ಬಾಗಿಲಿಗೆ ಬಂದಾಗ ಅವಳ ತುಟಿ ಸುಣ್ಣದ ಹಾಗಿತ್ತು. ಹಿಮೋಗ್ಲೋಬಿನ್ ಐದು ಕೂಡ ಇರಲಿಲ್ಲ. ಕೂಸು ಉಳಿಯಿತು. ಅವಳು ಉಳಿಯಲಿಲ್ಲ. ಆಟೋದವರು ಬಾಡಿಗೆ ಕೇಳದೆ ಬೆಳಗಿನವರೆಗೂ ಹೊರಗೆ ಕೂತಿದ್ದರು. ಅವಳು ಬಂದ ದಾರಿ 40 ಕಿಲೋಮೀಟರ್ ಇದ್ದಿರಬಹುದು, ಅಷ್ಟೇ. ಹಿಡಿದ ಹೊತ್ತು ಆರು ಗಂಟೆ.

ಈ ಹೊತ್ತನ್ನು ನಾವು ಡಾಕ್ಟರುಗಳು ಮೂರು ತಡ ಅಂತ ಲೆಕ್ಕ ಹಾಕುತ್ತೇವೆ. ಹೋಗಬೇಕೋ ಬೇಡವೋ ಎಂದು ಮನೆಯಲ್ಲಿ ಆಗುವ ತಡ. ದಾರಿಯಲ್ಲಿ ಆಗುವ ತಡ. ಆಸ್ಪತ್ರೆ ಒಳಗೆ ಚಿಕಿತ್ಸೆ ಶುರುವಾಗುವವರೆಗಿನ ತಡ. ಬೆಂಗಳೂರಿನಲ್ಲಿ ಎರಡನೆಯದು ಟ್ರಾಫಿಕ್ಕಿನಿಂದ ಮಾತ್ರ ಆಗುವುದಲ್ಲ. ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ಆಗುವುದೇ ಜಾಸ್ತಿ. ಅದಕ್ಕೇ ನನ್ನ ಹತ್ತಿರ ಬರುವ ಪ್ರತಿ ಬಸುರಿಗೂ ಒಂದು ಪ್ರಶ್ನೆ ಕೇಳುತ್ತೇನೆ: "ರಾತ್ರಿ ನೋವು ಬಂದರೆ ಎಲ್ಲಿಗೆ ಹೋಗ್ತೀಯಮ್ಮಾ?" ಆಸ್ಪತ್ರೆಯ ಹೆಸರು ಬಾಯಿಗೆ ಬರಬೇಕು. ಹತ್ತಿರದ ಹೆರಿಗೆ ಆಸ್ಪತ್ರೆ ಯಾವುದು, ಅಲ್ಲಿ ರಾತ್ರಿ ಸಿಸೇರಿಯನ್ ಮಾಡುತ್ತಾರಾ, ರಕ್ತ ಸಿಗುತ್ತದಾ, ಇಲ್ಲದಿದ್ದರೆ ವಾಣಿ ವಿಲಾಸವೋ ಜಯನಗರದ ಜನರಲ್ ಆಸ್ಪತ್ರೆಯೋ, ಇದೆಲ್ಲ ಏಳನೇ ತಿಂಗಳಲ್ಲೇ ತೀರ್ಮಾನ ಆಗಿರಬೇಕು. ಅವಳ ಗಂಡನ ಫೋನಿನಲ್ಲಿ 108 ಅಂತ ಸೇವ್ ಮಾಡಿಕೊಟ್ಟರೆ ಸಾಲದು. ಸೈಟಿನ ವಿಳಾಸ ಹೇಗೆ ಹೇಳಬೇಕು ಅನ್ನುವುದನ್ನೂ ಕಲಿಸಿ. ಶೆಡ್ಡಿಗೆ ಬಾಗಿಲು ನಂಬರ್ ಇರುವುದಿಲ್ಲವಲ್ಲ. ನಿಮ್ಮ ಅಪಾರ್ಟ್‌ಮೆಂಟ್ ಹೆಸರನ್ನೇ ಗುರುತಾಗಿ ಹೇಳಲಿ.

ಇನ್ನು ಅವಳ ತಲೆಸುತ್ತು. ನನ್ನ ಅನುಮಾನ ರಕ್ತಹೀನತೆ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಬಸುರಿಯರಲ್ಲಿ 100ಕ್ಕೆ 45ಕ್ಕಿಂತ ಜಾಸ್ತಿ ಜನಕ್ಕೆ ಅದು ಕಂಡುಬಂತು. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಎಂದರ್ಥ. 7ಕ್ಕಿಂತ ಕೆಳಗಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ 12 ಇರುವವಳು ತಡೆದುಕೊಳ್ಳುತ್ತಾಳೆ. 6 ಇರುವವಳಿಗೆ ಅಷ್ಟೇ ಸಾಕು, ಎದೆ ಕೈಕೊಡುತ್ತದೆ. ಆ ಇಟ್ಟಿಗೆ ಗೂಡಿನ ಹುಡುಗಿ ಸತ್ತದ್ದು ಆ ರಾತ್ರಿ ಅಲ್ಲ. ಅದಕ್ಕೆ ಐದು ತಿಂಗಳ ಹಿಂದೆ ಯಾರೂ ಅವಳ ಬೆರಳು ಚುಚ್ಚಿ ನೋಡದಿದ್ದ ದಿನವೇ ಅವಳ ಸಾವು ಶುರುವಾಗಿತ್ತು.

ಸರ್ಕಾರಿ ಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಪುಕ್ಕಟೆ. ಬಸುರಲ್ಲಿ ಕನಿಷ್ಠ 180 ಮಾತ್ರೆ, ಹೆರಿಗೆ ಆದ ಮೇಲೂ ಅಷ್ಟೇ. ಕೊಡುವುದು ಸುಲಭ, ನುಂಗಿಸುವುದು ಕಷ್ಟ. ಕಲ್ಯಾಣ ಕರ್ನಾಟಕದ ಹೆಣ್ಣುಮಕ್ಕಳು ನನಗೆ ಎಷ್ಟೋ ಸಲ ಹೇಳಿದ್ದಾರೆ, "ಗುಳಿಗಿ ತಿಂದ್ರ ಕೂಸು ಕರ್ರಗ ಆಗ್ತದಂತ್ರಿ." ಮಲ ಕಪ್ಪಗೆ ಹೋಗುವುದನ್ನು ನೋಡಿ ಈ ಭಯ ಹುಟ್ಟಿರಬಹುದು. ಬೈಯಬೇಡಿ. ಕಪ್ಪಾಗುವುದು ಮಲ ಮಾತ್ರ, ಕೂಸಲ್ಲ ಅಂತ ಕೂತು ಹೇಳಿ. ಮಾತ್ರೆ ನುಂಗಿದ ಹೊತ್ತಿಗೆ ಟೀ, ಕಾಫಿ ಬೇಡ, ಅವು ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ನಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು. ಹೊಟ್ಟೆ ತೊಳಸಿದರೆ ರಾತ್ರಿ ಊಟ ಆದ ಮೇಲೆ ನುಂಗಲಿ. ಏಳು ತಿಂಗಳಾಗಿರುವುದರಿಂದ ರಕ್ತ ತುಂಬಾ ಕಡಿಮೆ ಬಂದರೆ ಮಾತ್ರೆಗೆ ಕೆಲಸ ಮಾಡಲು ಸಮಯ ಸಾಲದು. ಆಗ ನರಕ್ಕೆ ಹಾಕುವ ಕಬ್ಬಿಣದ ಇಂಜೆಕ್ಷನ್ ಇದೆ, ಡಾಕ್ಟರು ಹೇಳುತ್ತಾರೆ. ನೀವು ಮಾಡಬಹುದಾದ ಇನ್ನೊಂದು ಸಣ್ಣ ಕೆಲಸ: ಅವಳು ಪಾತ್ರೆ ತೊಳೆದ ಮೇಲೆ ಕೂರಿಸಿ ತಿಂಡಿ ಕೊಡಿ. ಮೊಟ್ಟೆ ತಿನ್ನುವವಳಾದರೆ ಮೊಟ್ಟೆ, ಇಲ್ಲದಿದ್ದರೆ ರಾಗಿ, ಮೊಳಕೆ ಕಾಳು, ಸೊಪ್ಪು. ಮಾತ್ರೆ ನಿಮ್ಮ ಮನೆಯಲ್ಲೇ ಇರಲಿ, ಒಂದು ತಾಸು ಬಿಟ್ಟು ಅಲ್ಲೇ ನುಂಗಲಿ.

ಬಿ.ಪಿ. ವಿಷಯ ಇದಕ್ಕಿಂತ ಮೋಸದ್ದು, ಯಾಕೆಂದರೆ ಏರಿದ್ದು ಗೊತ್ತೇ ಆಗುವುದಿಲ್ಲ. 140/90 ಮುಟ್ಟಿದರೆ ಎಚ್ಚರ. 160/110 ಆದರೆ ಅದು ತುರ್ತು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಯ ಕೆಳಗೆ ನೋವು, ಬೆಳಿಗ್ಗೆ ಎದ್ದಾಗಲೇ ಮುಖ ಊದಿರುವುದು, ಇವುಗಳಲ್ಲಿ ಯಾವುದೇ ಕಂಡರೂ ಅದೇ ದಿನ ತೋರಿಸಬೇಕು. ಹಾಗೇ ಬಿಟ್ಟರೆ ಫಿಟ್ಸ್ ಬರುತ್ತದೆ. ಹಳ್ಳಿಯಲ್ಲಿ ಇದಕ್ಕೂ ಸನ್ನಿ ಅಂತಲೇ ಅಂದು ತಾಯತ ಕಟ್ಟಿಸಿದ್ದನ್ನು ನೋಡಿದ್ದೇನೆ. ಇದಕ್ಕೆ ಮದ್ದು ಮೆಗ್ನೀಷಿಯಮ್ ಸಲ್ಫೇಟ್. ತುಂಬಾ ಅಗ್ಗದ, ಹಳೆಯ ಔಷಧ. 33 ದೇಶಗಳ ಹತ್ತು ಸಾವಿರ ಹೆಂಗಸರ ಮೇಲೆ ನಡೆದ ಪರೀಕ್ಷೆ 2002ರಲ್ಲಿ ಪ್ರಕಟವಾಯಿತು. ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಔಷಧ ಕೈಯಲ್ಲಿದೆ. ಬಿ.ಪಿ. ಪಟ್ಟಿ ಕಟ್ಟಿ ನೋಡುವವರು ಬೇಕು.

ಹೆರಿಗೆಯ ಹೊತ್ತಿಗೆ ಬರೋಣ. ಕೂಸು ಹೊರಗೆ ಬಂತು, ಅತ್ತಿತು, ಎಲ್ಲರೂ ಸಿಹಿ ಹಂಚಲು ಓಡಿದರು. ನನ್ನ ಪ್ರಕಾರ ಅತಿ ಅಪಾಯದ ಹೊತ್ತು ಅದೇ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಮುದುಡದಿದ್ದರೆ ನಲ್ಲಿ ತೆರೆದಿಟ್ಟ ಹಾಗೆ ರಕ್ತ ಹೋಗುತ್ತದೆ. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ ಚುಚ್ಚುವುದು ಅದಕ್ಕೇ. ಈ ಇಂಜೆಕ್ಷನ್ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಲಲ್ಲಿ ಬಿದ್ದಿದ್ದ ಸೀಸೆ ಚುಚ್ಚಿದರೆ ಚುಚ್ಚಿದ ಸಮಾಧಾನ ಮಾತ್ರ.

ರಕ್ತ ಎಷ್ಟು ಹೋಯಿತು ಅಂತ ಕಣ್ಣಳತೆಯಲ್ಲಿ ಅಂದಾಜು ಮಾಡುವುದು ನಾವೆಲ್ಲ ಕಲಿತ ರೀತಿ. ಅದು ತಪ್ಪುತ್ತದೆ. ಹಾಸಿದ ಬಟ್ಟೆ ಹೀರಿಕೊಂಡದ್ದು ಕಣ್ಣಿಗೆ ಕಾಣುವುದಿಲ್ಲ. ಈಗ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಹಾಳೆ ಬಂದಿದೆ. ತಾಯಿಯ ಕೆಳಗೆ ಹಾಸಿದರೆ ರಕ್ತ ಕೊಳವೆಯಂಥ ಚೀಲದಲ್ಲಿ ಇಳಿದು ನಿಲ್ಲುತ್ತದೆ, ಗೆರೆ ನೋಡಿ ಸಿಸ್ಟರ್ ಹೇಳಬಹುದು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಹಾಳೆ ಹಾಸಿ, ರಕ್ತ ಜಾಸ್ತಿ ಕಂಡ ಕೂಡಲೇ ಹೊಟ್ಟೆ ನೀವುವುದು, ಆಕ್ಸಿಟೋಸಿನ್, ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್, ಗ್ಲೂಕೋಸ್ ಬಾಟಲಿಯಂತೆ ಹಾಕುವ ದ್ರಾವಣ, ರಕ್ತ ಎಲ್ಲಿಂದ ಬರುತ್ತಿದೆ ಅನ್ನುವ ಪರೀಕ್ಷೆ, ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದ್ದಕ್ಕೆ ಜೋರು ರಕ್ತಸ್ರಾವ ಮತ್ತು ಅದರಿಂದಾಗುವ ದೊಡ್ಡ ಅನಾಹುತ ಶೇ. 60ರಷ್ಟು ಕಡಿಮೆಯಾಯಿತು. ಮೊದಲು ಹೇಗಿತ್ತು ಗೊತ್ತಾ? ಒಂದು ಮಾಡಿ ನೋಡೋಣ, ನಿಲ್ಲದಿದ್ದರೆ ಇನ್ನೊಂದು ಮಾಡೋಣ ಅಂತ ಕಾಯುತ್ತಿದ್ದೆವು. ಆ ಕಾಯುವಿಕೆಯೇ ಪ್ರಾಣ ತೆಗೆಯುತ್ತಿತ್ತು. ದೊಡ್ಡ ಯಂತ್ರ ಯಾವುದೂ ಇಲ್ಲಿಲ್ಲ, ನೋಡಿ.

ಹೆರಿಗೆ ಆದ ಮೊದಲ ಎರಡು ತಾಸು ಅವಳ ಜೊತೆ ಒಬ್ಬ ಹೆಂಗಸು ಇರಲೇಬೇಕು. ಹೊದಿಕೆ ಸರಿಸಿ ನೋಡುತ್ತಿರಬೇಕು. ಪ್ಯಾಡ್ ಹತ್ತೇ ನಿಮಿಷಕ್ಕೆ ತೊಯ್ದು ಹೋದರೆ, ಮೈ ತಣ್ಣಗಾಗಿ ಬೆವರಿದರೆ, "ಯಾಕೋ ಕಣ್ಣು ಕತ್ತಲೆ ಬರ್ತಿದೆ" ಅಂದರೆ, ನಾಚಿಕೊಳ್ಳದೆ ಸಿಸ್ಟರನ್ನು ಕೂಗಿ ಕರೆಯಬೇಕು. ಸುಸ್ತಿಗೆ ಮಲಗಿದ್ದಾಳೆ ಅಂತ ಸುಮ್ನೆ ಬಿಟ್ಟ ಬಾಣಂತಿಯರನ್ನು ನಾನು ಕಳೆದುಕೊಂಡಿದ್ದೇನೆ.

ಕೇರಳದ ಲೆಕ್ಕ ಅಷ್ಟು ಕಡಿಮೆ ಯಾಕೆ ಅಂತ ಅನೇಕರು ಕೇಳುತ್ತಾರೆ. ಓದು, ರಸ್ತೆ, ಸಣ್ಣ ಸಂಸಾರ ಎಲ್ಲವೂ ಇವೆ. ಜೊತೆಗೆ ಇನ್ನೊಂದಿದೆ. ಅಲ್ಲಿನ ಪ್ರಸೂತಿ ತಜ್ಞರು 2004ರಿಂದ ಪ್ರತಿ ತಾಯಿಯ ಸಾವನ್ನೂ ಗುಟ್ಟಾಗಿ, ಹೆಸರು ತೆಗೆದು, ಕೂತು ಪರಿಶೀಲಿಸುತ್ತಿದ್ದಾರೆ. ಯಾರನ್ನು ಶಿಕ್ಷಿಸಬೇಕು ಅಂತ ಅಲ್ಲ, ಎಲ್ಲಿ ತಪ್ಪಿತು ಅಂತ. ಪಕ್ಕದ ಶ್ರೀಲಂಕಾವನ್ನೂ ನೋಡಿ. 1947ರ ಸುಮಾರಿಗೆ ಅಲ್ಲಿ ಲಕ್ಷಕ್ಕೆ ಸಾವಿರಕ್ಕೂ ಜಾಸ್ತಿ ತಾಯಂದಿರು ಸಾಯುತ್ತಿದ್ದರು. ಶ್ರೀಮಂತ ದೇಶ ಆಗದೆಯೇ ಅದನ್ನು 40ಕ್ಕಿಂತ ಕೆಳಗೆ ತಂದರು. ಮನೆಮನೆಗೆ ಹೋಗುವ ತರಬೇತಾದ ಸೂಲಗಿತ್ತಿ ನರ್ಸುಗಳು, ಪುಕ್ಕಟೆ ಆಸ್ಪತ್ರೆ, ಪ್ರತಿ ಸಾವಿನ ವಿಚಾರಣೆ. ನಮ್ಮಲ್ಲಿ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ನರಕ್ಕೆ ಹಾಕಿದ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಬಾಣಂತಿಯರ ಸಾವುಗಳ ಆಡಿಟ್ ಮಾಡಲು ಹೇಳಿತು. ಐದಾರು ಸಾವು ಒಟ್ಟಿಗೆ ಆದಾಗ ಮಾತ್ರ ಅಲ್ಲ, ಯಾವುದೋ ಮೂಲೆಯಲ್ಲಿ ಒಬ್ಬಳೇ ಸತ್ತಾಗಲೂ ಅಷ್ಟೇ ಕಾಳಜಿಯಿಂದ ವಿಚಾರಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ನಮಗೆ ಸೂಲಗಿತ್ತಿಯರ ಪರಂಪರೆ ಹೊಸದಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಒಂದು ಪೈಸೆ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆರುವವಳ ಪಕ್ಕದಲ್ಲಿ ಬಿಡದೆ ಕೂತು ಬೆನ್ನು ನೀವುವ ಅವರಂಥವರ ತಾಳ್ಮೆ ನಮ್ಮ ಲೇಬರ್ ವಾರ್ಡುಗಳಿಗೆ ಬರಬೇಕು. ಹೆರುವಾಗ ಕೂಗಿದರೆ ಬೈಸಿಕೊಂಡವಳು ಮುಂದಿನ ಸಲ ಆಸ್ಪತ್ರೆಗೆ ಬರಲು ತಡ ಮಾಡುತ್ತಾಳೆ. ನಿಮ್ಮ ಮನೆಗೆ ಬರುವವಳು ಹಿಂಜರಿಯುವುದಕ್ಕೆ ಕೂಲಿ ಒಂದೇ ಕಾರಣವಾ, ಮೊದಲ ಹೆರಿಗೆಯಲ್ಲಿ ಏನಾಯಿತು ಅಂತ ಮೆಲ್ಲಗೆ ಕೇಳಿ ನೋಡಿ.

ಕೂಸಿನ ವಿಷಯ. ಹುಟ್ಟಿದ ಮೊದಲ ತಿಂಗಳಲ್ಲಿ ಸಾಯುವ ಕೂಸುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಹೋಗಿಬಿಡುತ್ತವೆ. ದಿನ ತುಂಬದೆ ಹುಟ್ಟಿದ್ದು, ಹುಟ್ಟಿದಾಗ ಉಸಿರು ಕಟ್ಟಿದ್ದು, ನಂಜು, ಇವೇ ಮುಖ್ಯ ಕಾರಣ. ಅಳದ ಕೂಸಿಗೆ ಮೊದಲ ಒಂದು ನಿಮಿಷದಲ್ಲಿ ಉಸಿರು ಕೊಡಬೇಕು. ಚೀಲ ಮತ್ತು ಮಾಸ್ಕ್ ಸಾಕು, ಅದನ್ನು ಹಿಡಿಯಲು ಬರುವ ಕೈ ಬೇಕು. ಉಳಿದದ್ದು ಮನೆಯವರು ಮಾಡುವಂಥದ್ದೇ. ಒರೆಸಿ, ತಾಯಿಯ ಎದೆಗೆ ಹಾಕಿ, ಒಂದು ತಾಸಿನೊಳಗೆ ಮೊಲೆಹಾಲು ಕುಡಿಸಿ. ಹಳದಿ ಬಣ್ಣದ ಮೊದಲ ಹಾಲು ಹಿಂಡಿ ಚೆಲ್ಲಬೇಡಿ. ಜೇನುತುಪ್ಪ, ಸಕ್ಕರೆ ನೀರು ಬೇಡ. ಒಂದು ದಿನವಾದರೂ ಸ್ನಾನ ಬೇಡ. ಹೊಕ್ಕುಳಿಗೆ ಎಣ್ಣೆ, ಅರಿಸಿನ, ಪೌಡರ್ ಏನೂ ಹಚ್ಚಬೇಡಿ, ಒಣಗಿದ್ದರೆ ತಾನೇ ಬೀಳುತ್ತದೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಅಂತ ಬಾಯಾರಿಸಿ ಕೂರಿಸುವುದೂ ತಪ್ಪು. ಹಾಲು ಬರುವುದು ಎಲ್ಲಿಂದ?

ತೂಕ ಕಡಿಮೆ ಇದ್ದರೆ ಕಾಂಗರೂ ಆರೈಕೆ, ಅಂದರೆ ಕೂಸನ್ನು ಬರಿಮೈಗೆ ತಾಗುವಂತೆ ಎದೆಗೆ ಹಾಕಿಕೊಂಡು ಬೆಚ್ಚಗಿಡುವುದು. ನಮ್ಮ ವಾರ್ಡಿನಲ್ಲಿ ಒಮ್ಮೆ ತಾಯಿ ಇನ್ನೂ ಐಸಿಯುನಲ್ಲಿದ್ದಾಗ ಅಪ್ಪನೇ ಈ ಕೆಲಸ ಮಾಡಿದ. ಗಾರೆ ಕೆಲಸದವನು. ಅಂಗಿ ಬಿಚ್ಚಿ, 1,600 ಗ್ರಾಂ ಕೂಸನ್ನು ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿಕೊಂಡು, ಮೇಲೆ ಹೆಂಡತಿಯ ಸೀರೆ ಸುತ್ತಿಕೊಂಡಿದ್ದ. ಸಿಮೆಂಟಿಗೆ ಬಿರಿದಿದ್ದ ಅಂಗೈ ಕೂಸಿನ ಬೆನ್ನಿಗೆ ತಾಗದ ಹಾಗೆ ಸೀರೆಯ ಮೇಲೇ ಇಟ್ಟುಕೊಂಡಿದ್ದ. ಮೂರು ದಿನ ಹಾಗೇ ಕೂತಿದ್ದ. ಕೂಸಿನ ಪಾದ ಬೆಚ್ಚಗಾಯಿತು, ತೂಕ ಏರಿತು. ಈ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ಭಾರತವೂ ಸೇರಿ ಐದು ದೇಶಗಳಲ್ಲಿ ಮಾಡಿದ ಅಧ್ಯಯನ 2021ರಲ್ಲಿ ಬಂತು. ಒಂದರಿಂದ 1.8 ಕೆ.ಜಿ. ತೂಕದ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದರೆ ಸಾವು ಕಾಲು ಭಾಗ ಕಡಿಮೆಯಾಗುತ್ತದೆ ಎಂದು ತೋರಿಸಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇದನ್ನು ಸರ್ಕಾರಿ ವ್ಯವಸ್ಥೆಯ ಒಳಗೇ ಮಾಡಿ ತೋರಿಸಿದ್ದಾರೆ. ಹಾಗಾಗಿ ಇದು ಯಂತ್ರ ಇಲ್ಲದವರ ಪಾಲಿನ ಅಗ್ಗದ ಉಪಾಯ ಅಂತ ಯಾರೂ ಭಾವಿಸಬೇಡಿ.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬಂದು ನೋಡಬೇಕು. ಶೆಡ್ಡಿನಲ್ಲಿ ಬಾಣಂತಿ ಇದ್ದಾಳೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಕೇಂದ್ರಕ್ಕೆ ಹೋದ ದಿನವೇ ಅವರ ನಂಬರ್ ತೆಗೆದುಕೊಳ್ಳಿ. ಕೂಸು ಹಾಲು ಬಿಟ್ಟರೆ, ಪಾದ ತಣ್ಣಗಿದ್ದರೆ, ಜ್ವರ ಬಂದರೆ, ನಿಮಿಷಕ್ಕೆ 60 ಸಲ ಅಥವಾ ಜಾಸ್ತಿ ಉಸಿರಾಡುತ್ತಿದ್ದರೆ, ಅಂಗಾಲು ಹಳದಿ ಕಂಡರೆ ಕಾಯಬೇಡಿ.

ಊರಿಗೆ ಹೋಗುವ ಪ್ರಶ್ನೆ ಉಳಿಯಿತು. ತವರಿನ ಆಸೆ ತಪ್ಪಲ್ಲ. ಅವ್ವನ ಕೈ ಊಟ, ಎಣ್ಣೆ ನೀರು, ಆ ಬಾಣಂತನ ಶೆಡ್ಡಿನಲ್ಲಿ ಎಲ್ಲಿ ಸಿಗುತ್ತದೆ? ಆದರೆ ಒಂಬತ್ತರಲ್ಲಿ ಜನರಲ್ ಬೋಗಿಯಲ್ಲಿ ಸುಮಾರು 500 ಕಿಲೋಮೀಟರ್ ಬೇಡವೇ ಬೇಡ. ಹೋಗುವುದಾದರೆ ಎಂಟನೇ ತಿಂಗಳೊಳಗೆ, ರಿಸರ್ವೇಷನ್ ಮಾಡಿಸಿ, ಕಾರ್ಡು ಮತ್ತು ರಿಪೋರ್ಟು ಕೈಯಲ್ಲಿ ಹಿಡಿದು ಹೋಗಲಿ. ಅಲ್ಲಿನ ಆಶಾಗೆ ಮೊದಲೇ ಫೋನ್ ಮಾಡಿ ತಿಳಿಸಿ. ಬಿ.ಪಿ. ಜಾಸ್ತಿ ಇದ್ದರೆ, ರಕ್ತ 7ಕ್ಕಿಂತ ಕಡಿಮೆ ಇದ್ದರೆ, ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ಡಾಕ್ಟರು ಒಪ್ಪುವವರೆಗೆ ಇಲ್ಲೇ ಇರಲಿ, ಅವ್ವನನ್ನೇ ಇಲ್ಲಿಗೆ ಕರೆಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಪುಕ್ಕಟೆ. ಗಂಡ ಹೆಂಡತಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದಾರಾ ಅಂತ ಮೇಸ್ತ್ರಿಯನ್ನು ಕೇಳಿ, ಅಲ್ಲಿ ಹೆರಿಗೆ ಸಹಾಯಧನವೂ ಇದೆ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಕೇಂದ್ರಗಳಲ್ಲಿ ಬಸುರಿಯರಿಗೆ ಡಾಕ್ಟರ ವಿಶೇಷ ತಪಾಸಣೆ ಇರುತ್ತದೆ. ಆದರೆ ತಲೆ ಸುತ್ತುತ್ತಿರುವವಳು 9ರವರೆಗೆ ಕಾಯುವುದು ಬೇಡ. ನಾಳೆಯೇ ಹೋಗಿ. ಹಿಮೋಗ್ಲೋಬಿನ್ ಎಷ್ಟು ಬಂತು, ಬಿ.ಪಿ. ಎಷ್ಟಿತ್ತು ಅಂತ ಬರೆದು ಕಳಿಸಿ. ಮುಂದಿನದನ್ನು ಆ ಎರಡು ಅಂಕಿ ನೋಡಿ ಹೇಳುತ್ತೇನೆ.